ಈಥರ್ನೆಟ್ ವಿದ್ಯುತ್ ಗಡಿಯಾರಗಳಿಗೆ ಕಟ್ಟಡ ಜಾಲ ಯೋಜನೆ

ಈಥರ್ನೆಟ್ ವಿದ್ಯುತ್ ಗಡಿಯಾರ ಅಥವಾ ಪಿಒಇ ಗಡಿಯಾರವು ಗಣಕ ಜಾಲದ ಕೇಬಲ್‌ನಿಂದಲೇ ವಿದ್ಯುತ್ತನ್ನೂ ಸರಿಯಾದ ಸಮಯವನ್ನೂ ಪಡೆಯುವ ಗೋಡೆ ಗಡಿಯಾರವಾಗಿದೆ. 'ಪವರ್ ಓವರ್ ಈಥರ್ನೆಟ್' ಎಂಬುದರ ಸಂಕ್ಷಿಪ್ತ ರೂಪ ಪಿಒಇ. ಇಂತಹ ಗಡಿಯಾರಕ್ಕೆ ಪ್ರತ್ಯೇಕ ವಿದ್ಯುತ್ ಪ್ಲಗ್ ಬೇಕಿಲ್ಲ, ಸೆಲ್ ಬದಲಿಸುವ ಅಗತ್ಯವಿಲ್ಲ ಮತ್ತು ಸಮಯವನ್ನು ಕೈಯಿಂದ ಹೊಂದಿಸಬೇಕಾಗಿಲ್ಲ. ಶಾಲೆ, ಕಾಲೇಜು, ಆಸ್ಪತ್ರೆ, ನ್ಯಾಯಾಲಯ, ಬಸ್ ನಿಲ್ದಾಣ ಮೊದಲಾದ ಕಡೆ ಎಲ್ಲ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕಾದಾಗ ಇವನ್ನು ಬಳಸಲಾಗುತ್ತದೆ.

ಒಂದು ಪಿಒಇ ಗಡಿಯಾರ ಬಳಸುವ ವಿದ್ಯುತ್ ಕೆಲವೇ ವಾಟ್. ಆದರೆ ಅದು ತೋರಿಸುವ ಸಮಯ ಸರಿಯಾಗಿರಬೇಕಾದರೆ ಕೇಬಲ್, ಸ್ವಿಚ್, ಸ್ವಿಚ್‌ಗೆ ಆಸರೆಯಾದ ಬ್ಯಾಟರಿ ಮತ್ತು ಸಮಯ ಸರ್ವರ್ ಎಂಬ ನಾಲ್ಕೂ ಕೊಂಡಿಗಳು ಒಟ್ಟಿಗೆ ಕೆಲಸ ಮಾಡಬೇಕು. ಆದ್ದರಿಂದ ಗಡಿಯಾರಗಳ ಯೋಜನೆಯು ಮುಖ್ಯವಾಗಿ ಕಟ್ಟಡದ ಜಾಲದ ಯೋಜನೆಯೇ ಆಗಿದೆ. ಮಳೆ, ಸಿಡಿಲು ಮತ್ತು ವಿದ್ಯುತ್ ಕಡಿತ ಹೆಚ್ಚಿರುವ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಈ ಯೋಜನೆಗೆ ಹೆಚ್ಚಿನ ಮಹತ್ವವಿದೆ.

ಹಿನ್ನೆಲೆ

ಭಾರತದಲ್ಲಿ ಹಿಂದೆ ಕಾಲವನ್ನು ಘಳಿಗೆ ಬಟ್ಟಲಿನಿಂದ ಅಳೆಯುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿರುವ ಬಟ್ಟಲು ನೀರಿನಲ್ಲಿ ಮುಳುಗಲು ತೆಗೆದುಕೊಳ್ಳುವ ಅವಧಿ ಒಂದು ಘಳಿಗೆ, ಅಂದರೆ 24 ನಿಮಿಷ. ಅಂತಹ 60 ಘಳಿಗೆಗಳು ಸೇರಿದರೆ ಒಂದು ದಿನ. ಆಗ ಪ್ರತಿ ಊರಿಗೂ ಅದರದೇ ಸೌರ ಸಮಯವಿತ್ತು. 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಭಾರತೀಯ ಪ್ರಮಾಣ ಸಮಯವು 1906ರ ಜನವರಿ 1ರಂದು ಜಾರಿಗೆ ಬಂದಿತು. ಮೂಡುಬಿದಿರೆ ಮತ್ತು ಬಂಟ್ವಾಳ ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿನ ಸರಾಸರಿ ಸೌರ ಸಮಯವು ಪ್ರಮಾಣ ಸಮಯಕ್ಕಿಂತ ಸುಮಾರು 30 ನಿಮಿಷ ಹಿಂದಿರುತ್ತದೆ. ಹೀಗೆ ಊರಿನ ಸೂರ್ಯನನ್ನು ನೋಡಿ ಗಡಿಯಾರ ಹೊಂದಿಸುವ ಕಾಲ ಮುಗಿದು, ದೂರದ ಒಂದು ಮೂಲದಿಂದ ಸಮಯವನ್ನು ತರಿಸಿಕೊಳ್ಳಬೇಕಾದ ಅಗತ್ಯ ಹುಟ್ಟಿತು.

ಒಂದೇ ಕಟ್ಟಡದ ಹಲವು ಗಡಿಯಾರಗಳನ್ನು ಒಂದು ಮುಖ್ಯ ಗಡಿಯಾರದಿಂದ ನಡೆಸುವ ಪದ್ಧತಿ ವಿದ್ಯುತ್ ಗಡಿಯಾರಗಳ ಕಾಲದಿಂದಲೂ ಇದೆ. ಸ್ಕಾಟ್ಲೆಂಡ್‌ನ ಅಲೆಕ್ಸಾಂಡರ್ ಬೈನ್ 1841ರಲ್ಲಿ ವಿದ್ಯುತ್ ಗಡಿಯಾರಕ್ಕೆ ಪೇಟೆಂಟ್ ಪಡೆದನು. ಮುಂದೆ ರೈಲು ನಿಲ್ದಾಣ ಮತ್ತು ಕಾರ್ಖಾನೆಗಳಲ್ಲಿ ಮುಖ್ಯ ಗಡಿಯಾರವು ತಂತಿಯ ಮೂಲಕ ವಿದ್ಯುತ್ ಮಿಡಿತ ಕಳುಹಿಸಿ ಅಧೀನ ಗಡಿಯಾರಗಳ ಮುಳ್ಳುಗಳನ್ನು ಚಲಿಸುವ ವ್ಯವಸ್ಥೆ ಬಳಕೆಗೆ ಬಂದಿತು. ಪಿಒಇ ಗಡಿಯಾರವು ಇದೇ ಕಲ್ಪನೆಯ ಮುಂದುವರಿದ ರೂಪ. ಇಲ್ಲಿ ಗಡಿಯಾರಕ್ಕೆಂದೇ ಎಳೆದ ತಂತಿಯ ಬದಲು ಕಟ್ಟಡದ ಸಾಮಾನ್ಯ ಗಣಕ ಜಾಲವೇ ಬಳಕೆಯಾಗುತ್ತದೆ.

ಕಾರ್ಯವಿಧಾನ

ವಿದ್ಯುತ್ ಪೂರೈಕೆ

ಈಥರ್ನೆಟ್ ಕೇಬಲ್‌ನಲ್ಲಿ ನಾಲ್ಕು ಜೋಡಿ ತಾಮ್ರದ ತಂತಿಗಳಿರುತ್ತವೆ. ಪಿಒಇ ಸ್ವಿಚ್ ಈ ತಂತಿಗಳ ಮೂಲಕ ಸುಮಾರು 48 ವೋಲ್ಟ್ ನೇರ ವಿದ್ಯುತ್ತನ್ನು ಕಳುಹಿಸುತ್ತದೆ. ಅದಕ್ಕೂ ಮೊದಲು ಅಲ್ಪ ವೋಲ್ಟೇಜ್ ಹರಿಸಿ, ಎದುರಿನ ಉಪಕರಣದಲ್ಲಿ ಸುಮಾರು 25 ಕಿಲೊಓಮ್ ಗುರುತಿನ ರೋಧವಿದೆಯೇ ಎಂದು ಪರೀಕ್ಷಿಸುತ್ತದೆ. ಇದ್ದರೆ ಮಾತ್ರ ಪೂರ್ಣ ವಿದ್ಯುತ್ ನೀಡುತ್ತದೆ. ಹೀಗಾಗಿ ಪಿಒಇ ಅಲ್ಲದ ಗಣಕವನ್ನು ಅದೇ ಪೋರ್ಟ್‌ಗೆ ಜೋಡಿಸಿದರೂ ಹಾನಿಯಾಗುವುದಿಲ್ಲ. ವಿದ್ಯುತ್ ಪಡೆಯುತ್ತಿರುವ ಉಪಕರಣವು ಕನಿಷ್ಠ ಪ್ರಮಾಣದ ಪ್ರವಾಹವನ್ನು ಬಳಸುತ್ತಲೇ ಇರಬೇಕು, ಇಲ್ಲವಾದರೆ ಕೇಬಲ್ ಕಳಚಿದೆ ಎಂದು ಭಾವಿಸಿ ಸ್ವಿಚ್ ಪೂರೈಕೆಯನ್ನು ನಿಲ್ಲಿಸುತ್ತದೆ.

ಪಿಒಇಗೆ ಐಇಇಇ ಸಂಸ್ಥೆ ರೂಪಿಸಿದ ಪ್ರಮುಖ ಮಾನಕಗಳು ಹೀಗಿವೆ:

- 802.3ಎಎಫ್ (2003): ಸ್ವಿಚ್ ಪೋರ್ಟ್‌ನಲ್ಲಿ 15.4 ವಾಟ್, ಉಪಕರಣಕ್ಕೆ ತಲುಪುವ ಖಾತರಿ 12.95 ವಾಟ್.
- 802.3ಎಟಿ (2009): ಪೋರ್ಟ್‌ನಲ್ಲಿ 30 ವಾಟ್, ಉಪಕರಣಕ್ಕೆ 25.5 ವಾಟ್.
- 802.3ಬಿಟಿ (2018): ಪೋರ್ಟ್‌ನಲ್ಲಿ 60 ಅಥವಾ 90 ವಾಟ್‌ವರೆಗೆ.

ಸಾಮಾನ್ಯ ಗೋಡೆ ಗಡಿಯಾರಗಳಿಗೆ ಮೊದಲ ಮಾನಕವೇ ಸಾಕು. ದೊಡ್ಡ ಅಂಕಿಗಳ ಹೊರಾಂಗಣ ಫಲಕಗಳಿಗೆ ಅಥವಾ ಧ್ವನಿವರ್ಧಕವನ್ನೂ ಒಳಗೊಂಡ ಗಡಿಯಾರಗಳಿಗೆ ಹೆಚ್ಚಿನ ವಿದ್ಯುತ್ ಬೇಕಾಗಬಹುದು.

ಸಮಯ ಪೂರೈಕೆ

ಗಡಿಯಾರಕ್ಕೆ ಸಮಯ ತಲುಪುವುದು ನೆಟ್‌ವರ್ಕ್ ಟೈಮ್ ಪ್ರೊಟೊಕಾಲ್ ಅಥವಾ ಎನ್‌ಟಿಪಿ ಮೂಲಕ. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಇದರ ರೂವಾರಿ. ಇದರ ಮೊದಲ ವಿವರಣೆ 1985ರಲ್ಲಿಯೂ ನಾಲ್ಕನೆಯ ಆವೃತ್ತಿಯ ಮಾನಕ 2010ರಲ್ಲಿಯೂ ಪ್ರಕಟವಾದವು. ಗಡಿಯಾರವು ಸರ್ವರ್‌ಗೆ ಕೋರಿಕೆ ಕಳುಹಿಸಿ, ಉತ್ತರ ಬರಲು ಹಿಡಿದ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ತನ್ನ ಸಮಯವನ್ನು ತಿದ್ದಿಕೊಳ್ಳುತ್ತದೆ. ಕಟ್ಟಡದೊಳಗಿನ ಜಾಲದಲ್ಲಿ ಇದರಿಂದ ಕೆಲವು ಮಿಲಿಸೆಕೆಂಡುಗಳ ನಿಖರತೆ ಸಿಗುತ್ತದೆ. ಕಣ್ಣಿನಿಂದ ನೋಡುವ ಗಡಿಯಾರಕ್ಕೆ ಇದು ಧಾರಾಳ.

ಸ್ಥಳೀಯ ಪರಿಸ್ಥಿತಿ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬೆಳ್ತಂಗಡಿ ತಾಲ್ಲೂಕು ಪಶ್ಚಿಮ ಘಟ್ಟದ ಬುಡದಲ್ಲಿದೆ. ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ತಿಂಗಳುಗಳಲ್ಲಿ ಮತ್ತು ಮುಂಗಾರು ಮುಗಿದ ನಂತರದ ಅಕ್ಟೋಬರ್–ನವೆಂಬರ್‌ನಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಗಾಳಿಮಳೆಗೆ ಮರಗಳು ವಿದ್ಯುತ್ ತಂತಿಯ ಮೇಲೆ ಬಿದ್ದಾಗ ಪೂರೈಕೆ ನಿಲ್ಲುತ್ತದೆ. ನೇತ್ರಾವತಿ ದಡದ ಬಂಟ್ವಾಳ ಪೇಟೆಗೆ 1974ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ನೆರೆ ನುಗ್ಗಿತ್ತು.

ಕಟ್ಟಡಗಳ ಸ್ವರೂಪವೂ ಯೋಜನೆಯ ಮೇಲೆ ಪ್ರಭಾವ ಬೀರುತ್ತದೆ. ಹಳೆಯ ಶಾಲೆ ಮತ್ತು ಕಚೇರಿಗಳಲ್ಲಿ ಮುರಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು ಕಂಡುಬರುತ್ತವೆ. ಮೂಡುಬಿದಿರೆ ಮತ್ತು ಉಜಿರೆಯಂತಹ ಶಿಕ್ಷಣ ಕೇಂದ್ರಗಳಲ್ಲಿ ಒಂದೇ ಆವರಣದಲ್ಲಿ ಹಲವು ಬಹುಮಹಡಿ ಕಟ್ಟಡಗಳು ಹರಡಿಕೊಂಡಿವೆ. ಮೊದಲ ಬಗೆಯಲ್ಲಿ ಕೇಬಲ್ ಎಳೆಯುವುದೇ ಕಷ್ಟದ ಕೆಲಸ. ಎರಡನೆಯ ಬಗೆಯಲ್ಲಿ ಕಟ್ಟಡಗಳ ನಡುವಿನ ಸಂಪರ್ಕ ಮುಖ್ಯ ಪ್ರಶ್ನೆಯಾಗುತ್ತದೆ.

ಯೋಜನೆಯ ಹಂತಗಳು

ಸ್ಥಾನ ಗುರುತಿಸುವಿಕೆ

ಮೊದಲು ಕಟ್ಟಡದ ನಕ್ಷೆಯಲ್ಲಿ ಪ್ರತಿ ಗಡಿಯಾರದ ಸ್ಥಾನವನ್ನು ಗುರುತಿಸಿ ಸಂಖ್ಯೆ ನೀಡಲಾಗುತ್ತದೆ. ಗಣಕಗಳಿಗಾಗಿ ಹಾಕುವ ಜಾಲದ ಸಾಕೆಟ್‌ಗಳು ನೆಲದ ಸಮೀಪ ಇರುತ್ತವೆ. ಗಡಿಯಾರದ ಸಾಕೆಟ್ ಮಾತ್ರ ತಲೆಗಿಂತ ಎತ್ತರದಲ್ಲಿ, ಗಡಿಯಾರದ ಹಿಂಬದಿಗೆ ಬರುವಂತೆ ಇರಬೇಕು. ಗೋಡೆಗೆ ಗಾರೆ ಬಳಿಯುವ ಮೊದಲೇ ಇದನ್ನು ನಿರ್ಧರಿಸದಿದ್ದರೆ ಮುಂದೆ ಗೋಡೆ ಕೊರೆಯಬೇಕಾಗುತ್ತದೆ ಅಥವಾ ಕೇಬಲ್ ಹೊರಗೆ ಜೋತಾಡುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಎಲ್ಲ ಆಸನಗಳಿಂದ ಕಾಣುವ ಗೋಡೆ, ಆಸ್ಪತ್ರೆಯಲ್ಲಿ ಹೆರಿಗೆ ಕೋಣೆ, ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ತುರ್ತು ಘಟಕಗಳಿಗೆ ಆದ್ಯತೆ ನೀಡಲಾಗುತ್ತದೆ. ಜನನ, ಮರಣ ಮತ್ತು ಔಷಧಿ ನೀಡಿದ ಸಮಯಗಳು ಇಲ್ಲಿಂದಲೇ ದಾಖಲೆಗೆ ಹೋಗುವುದು ಇದಕ್ಕೆ ಕಾರಣ.

ಕೇಬಲ್

ಸ್ವಿಚ್‌ನಿಂದ ಗಡಿಯಾರದವರೆಗಿನ ತಾಮ್ರದ ಕೇಬಲ್ 100 ಮೀಟರ್ ಮೀರಬಾರದು. ಇದರಲ್ಲಿ 90 ಮೀಟರ್ ಗೋಡೆಯೊಳಗಿನ ಸ್ಥಿರ ಕೇಬಲ್‌ಗೂ 10 ಮೀಟರ್ ಎರಡು ತುದಿಗಳ ಜೋಡಣಾ ಕೇಬಲ್‌ಗಳಿಗೂ ಮೀಸಲು. ಅಳತೆಯನ್ನು ನಕ್ಷೆಯ ನೇರ ಗೆರೆಯಲ್ಲಿ ಮಾಡದೆ, ಕೇಬಲ್ ಹತ್ತಿ ಇಳಿಯುವ ದಾರಿಯಲ್ಲಿ ಮಾಡಬೇಕು.

ಗಡಿಯಾರಗಳ ವಿಷಯದಲ್ಲಿ ಈ ಮಿತಿ ಬರುವುದು ದತ್ತಾಂಶದ ಕಾರಣದಿಂದ, ವಿದ್ಯುತ್ ನಷ್ಟದಿಂದಲ್ಲ. 48 ವೋಲ್ಟ್‌ನಲ್ಲಿ 4 ವಾಟ್ ಬಳಸುವ ಗಡಿಯಾರಕ್ಕೆ ಹರಿಯುವ ಪ್ರವಾಹ ಸುಮಾರು 0.083 ಆಂಪಿಯರ್. ತಂತಿಯ ಒಟ್ಟು ರೋಧ 12.5 ಓಮ್ ಎಂದುಕೊಂಡರೆ ಕೇಬಲ್‌ನಲ್ಲಿ ವ್ಯರ್ಥವಾಗುವುದು 0.1 ವಾಟ್‌ಗಿಂತ ಕಡಿಮೆ. ಆದ್ದರಿಂದ ಗಡಿಯಾರಕ್ಕಾಗಿ ದುಬಾರಿ ಕೇಬಲ್ ಬೇಕಿಲ್ಲ. ಕ್ಯಾಟ್ 5ಇ ದರ್ಜೆಯ ಶುದ್ಧ ತಾಮ್ರದ ಕೇಬಲ್ ಸಾಕು. ಆದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪನ ಮಾಡಿದ ಅಗ್ಗದ ಕೇಬಲ್ ಮಾನಕಗಳಿಗೆ ಒಳಪಡುವುದಿಲ್ಲ. ಅದರ ರೋಧ ಹೆಚ್ಚು, ತಂತಿ ಬೇಗನೆ ಮುರಿಯುತ್ತದೆ ಮತ್ತು ತೇವ ಸೇರಿದ ಜೋಡಣೆಗಳು ತುಕ್ಕು ಹಿಡಿಯುತ್ತವೆ. ಕರಾವಳಿಯ ಆರ್ದ್ರ ಹವೆಯಲ್ಲಿ ಇದು ಗಮನಾರ್ಹ ದೋಷ. ಹೆಂಚಿನ ಮಾಡಿನ ಕೆಳಗೆ ಹಾದುಹೋಗುವ ಕೇಬಲ್‌ಗಳನ್ನು ಇಲಿ ಹಾಗೂ ಸೋರುವ ನೀರಿನಿಂದ ರಕ್ಷಿಸಲು ಕೊಳವೆಯೊಳಗೆ ಸಾಗಿಸಲಾಗುತ್ತದೆ.

ವಿದ್ಯುತ್ ಲೆಕ್ಕ

ಪ್ರತಿ ಪಿಒಇ ಸ್ವಿಚ್‌ಗೆ ಎಲ್ಲ ಪೋರ್ಟ್‌ಗಳಿಗೂ ಸೇರಿ ಹಂಚಬಲ್ಲ ಗರಿಷ್ಠ ವಿದ್ಯುತ್ ಪ್ರಮಾಣವೊಂದು ಇರುತ್ತದೆ. ಇದನ್ನು ಪಿಒಇ ಬಜೆಟ್ ಎನ್ನುತ್ತಾರೆ. ಉಪಕರಣವು ಸ್ವಿಚ್‌ಗೆ ಜೋಡಣೆಯಾದಾಗ ತನ್ನ ವರ್ಗವನ್ನು ತಿಳಿಸುತ್ತದೆ. ವರ್ಗ 1ಕ್ಕೆ ಸ್ವಿಚ್ 4 ವಾಟ್, ವರ್ಗ 2ಕ್ಕೆ 7 ವಾಟ್, ವರ್ಗ 3ಕ್ಕೆ 15.4 ವಾಟ್ ಮೀಸಲಿಡುತ್ತದೆ. ವರ್ಗ ತಿಳಿಸದ ಉಪಕರಣವನ್ನು ವರ್ಗ 0 ಎಂದು ಪರಿಗಣಿಸಿ ಅದಕ್ಕೂ 15.4 ವಾಟ್ ಮೀಸಲಿಡಲಾಗುತ್ತದೆ.

ಈ ವ್ಯತ್ಯಾಸ ಖರೀದಿಯ ವೆಚ್ಚವನ್ನೇ ಬದಲಿಸಬಲ್ಲದು. ವರ್ಗ 1ರ 24 ಗಡಿಯಾರಗಳಿಗೆ 96 ವಾಟ್ ಸಾಕು. ನಿಜವಾಗಿ ಅಷ್ಟೇ ವಿದ್ಯುತ್ ಬಳಸುವ, ಆದರೆ ವರ್ಗ ತಿಳಿಸದ 24 ಗಡಿಯಾರಗಳಿಗೆ 369.6 ವಾಟ್ ಮೀಸಲಾಗುತ್ತದೆ. ಕೆಲವು ಸ್ವಿಚ್‌ಗಳು ನಿಜವಾದ ಬಳಕೆಯನ್ನು ಅಳೆದು ಹಂಚುತ್ತವೆ. ಯೋಜಕರು ಗಡಿಯಾರದ ವರ್ಗವನ್ನೂ ಸ್ವಿಚ್‌ನ ಹಂಚಿಕೆ ವಿಧಾನವನ್ನೂ ಖರೀದಿಗೆ ಮೊದಲೇ ತಿಳಿದುಕೊಳ್ಳಬೇಕಾಗುತ್ತದೆ.

ಉದಾಹರಣೆಗೆ, ಕಾಲೇಜು ಕಟ್ಟಡದ ಒಂದು ಮಹಡಿಯಲ್ಲಿ ವರ್ಗ 1ರ 14 ಗಡಿಯಾರಗಳು ಮತ್ತು ತಲಾ 30 ವಾಟ್‌ನ 4 ವೈಫೈ ಕೇಂದ್ರಗಳಿವೆ ಎಂದುಕೊಳ್ಳೋಣ. ಗಡಿಯಾರಗಳಿಗೆ 56 ವಾಟ್, ವೈಫೈಗೆ 120 ವಾಟ್, ಒಟ್ಟು 176 ವಾಟ್. ಮುಂದಿನ ಸೇರ್ಪಡೆಗೆ ಕಾಲು ಭಾಗ ಹೆಚ್ಚುವರಿ ಇಟ್ಟರೆ 220 ವಾಟ್ ಬಜೆಟ್‌ನ ಸ್ವಿಚ್ ಬೇಕು. ಬಜೆಟ್ ಮೀರಿದಾಗ ಸ್ವಿಚ್ ಕಡಿಮೆ ಆದ್ಯತೆಯ ಪೋರ್ಟ್‌ಗಳನ್ನು ಮೊದಲು ನಿಲ್ಲಿಸುತ್ತದೆ. ಆದ್ದರಿಂದ ಗಡಿಯಾರದ ಪೋರ್ಟ್‌ಗಳಿಗೆ ಹೆಚ್ಚಿನ ಆದ್ಯತೆ ನೀಡುವುದು ರೂಢಿ.

ಮಾನಕಕ್ಕೆ ಒಳಪಡದ 24 ವೋಲ್ಟ್‌ನ 'ಪ್ಯಾಸಿವ್' ಪಿಒಇ ಉಪಕರಣಗಳೂ ಮಾರುಕಟ್ಟೆಯಲ್ಲಿವೆ. ಇವು ಎದುರಿನ ಉಪಕರಣವನ್ನು ಪರೀಕ್ಷಿಸದೆ ಸದಾ ವಿದ್ಯುತ್ ಹರಿಸುವುದರಿಂದ ಮಾನಕದ ಗಡಿಯಾರಗಳೊಂದಿಗೆ ಬೆರೆಸುವಂತಿಲ್ಲ.

ವಿದ್ಯುತ್ ಕಡಿತದ ನಿರ್ವಹಣೆ

ಸೆಲ್ ಗಡಿಯಾರವು ಕರೆಂಟ್ ಹೋದರೂ ನಡೆಯುತ್ತದೆ. ಪಿಒಇ ಗಡಿಯಾರವು ಸ್ವಿಚ್ ನಿಂತೊಡನೆ ನಿಲ್ಲುತ್ತದೆ. ಅಂಕಿ ಗಡಿಯಾರವಾದರೆ ಖಾಲಿಯಾಗುತ್ತದೆ. ಮುಳ್ಳಿನ ಗಡಿಯಾರವಾದರೆ ನಿಂತ ಸಮಯವನ್ನೇ ತೋರಿಸುತ್ತ ನೋಡುವವರನ್ನು ತಪ್ಪುದಾರಿಗೆ ಎಳೆಯುತ್ತದೆ. ಹೀಗಾಗಿ ಪ್ರತಿ ಸ್ವಿಚ್‌ಗೂ ಯುಪಿಎಸ್ ಅಥವಾ ಇನ್ವರ್ಟರ್ ಆಸರೆ ಅವಶ್ಯಕ.

ಮೇಲಿನ ಉದಾಹರಣೆಯಲ್ಲಿ ಸ್ವಿಚ್‌ನ ಸ್ವಂತ ಬಳಕೆ 30 ವಾಟ್, ಅದರ ವಿದ್ಯುತ್ ಘಟಕದ ದಕ್ಷತೆ ಶೇಕಡಾ 88 ಎಂದುಕೊಂಡರೆ ಒಟ್ಟು ಹೊರೆ ಸುಮಾರು 234 ವಾಟ್. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ 1,800 ವಾಟ್-ಗಂಟೆ ಶಕ್ತಿ ಇರುತ್ತದೆ. ಬಾಳಿಕೆಗಾಗಿ ಅದರ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರ್ ನಷ್ಟವಾಗಿ ಶೇಕಡಾ 15ನ್ನು ಕಳೆದರೆ ಸಿಗುವುದು 765 ವಾಟ್-ಗಂಟೆ. ಇದು ಸುಮಾರು 3 ಗಂಟೆ 15 ನಿಮಿಷಕ್ಕೆ ಸಾಕು. ಕಡಿತದ ವೇಳೆ ವೈಫೈ ಪೋರ್ಟ್‌ಗಳನ್ನು ನಿಲ್ಲಿಸಿ ಗಡಿಯಾರಗಳನ್ನು ಮಾತ್ರ ಉಳಿಸಿದರೆ ಹೊರೆ 98 ವಾಟ್‌ಗೆ ಇಳಿದು, ಅದೇ ಬ್ಯಾಟರಿ ಏಳೂವರೆ ಗಂಟೆಗಿಂತ ಹೆಚ್ಚು ಕಾಲ ನಡೆಸುತ್ತದೆ. ಪರೀಕ್ಷೆಯ ದಿನ ಪೂರ್ತಿ ಗಡಿಯಾರ ನಡೆಯುವುದೋ ಇಲ್ಲವೋ ಎಂಬುದು ಹೀಗೆ ಸ್ವಿಚ್‌ನ ಒಂದು ಹೊಂದಾಣಿಕೆಯಿಂದ ನಿರ್ಧಾರವಾಗಬಹುದು.

ಸಾಮಾನ್ಯ ಮನೆಬಳಕೆಯ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಕ್ಷಣದ ಅಂತರದಲ್ಲಿ ಸ್ವಿಚ್ ಆರಿ ಮತ್ತೆ ಆರಂಭವಾಗುವ ಸಾಧ್ಯತೆ ಇದೆ. ಆನ್‌ಲೈನ್ ಮಾದರಿಯ ಯುಪಿಎಸ್‌ನಲ್ಲಿ ಈ ಅಂತರ ಇರುವುದಿಲ್ಲ. ಮುಖ್ಯ ಸ್ವಿಚ್, ಸಮಯ ಸರ್ವರ್ ಮತ್ತು ಅಂತರಜಾಲ ಸಂಪರ್ಕದ ಪೆಟ್ಟಿಗೆಗಳಿಗೂ ಇದೇ ಆಸರೆ ಇರಬೇಕು.

ಸಿಡಿಲು ಮತ್ತು ನೆರೆ

ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಎಳೆದರೆ ಸಿಡಿಲಿನಿಂದ ಉಂಟಾಗುವ ವೋಲ್ಟೇಜ್ ಆಘಾತ ಅದರ ಮೂಲಕ ಎರಡೂ ಕಡೆಯ ಉಪಕರಣಗಳನ್ನು ಸುಡಬಲ್ಲದು. ಸಿಡಿಲು ನೇರವಾಗಿ ತಗಲಬೇಕೆಂದಿಲ್ಲ. ಹತ್ತಿರದಲ್ಲಿ ಬಡಿದರೂ ಎರಡು ಕಟ್ಟಡಗಳ ಭೂಸಂಪರ್ಕಗಳ ನಡುವೆ ಭಾರಿ ವೋಲ್ಟೇಜ್ ಅಂತರ ಏರ್ಪಡುತ್ತದೆ. ಈಥರ್ನೆಟ್ ಪೋರ್ಟ್‌ಗಳಿಗೆ ಮಾನಕವು 1,500 ವೋಲ್ಟ್‌ನ ಪ್ರತ್ಯೇಕತೆಯನ್ನು ವಿಧಿಸಿದ್ದರೂ ಸಿಡಿಲಿನ ಆಘಾತ ಅದನ್ನು ಸುಲಭವಾಗಿ ಮೀರುತ್ತದೆ. ಆದ್ದರಿಂದ ಕಟ್ಟಡಗಳ ನಡುವೆ ವಿದ್ಯುತ್ ಹರಿಯದ ಆಪ್ಟಿಕಲ್ ಫೈಬರ್ ಬಳಸಲಾಗುತ್ತದೆ. ಫೈಬರ್‌ನಲ್ಲಿ ಪಿಒಇ ಸಾಗದ ಕಾರಣ ಪ್ರತಿ ಕಟ್ಟಡಕ್ಕೂ ಅದರದೇ ಪಿಒಇ ಸ್ವಿಚ್ ಮತ್ತು ಬ್ಯಾಟರಿ ಬೇಕಾಗುತ್ತವೆ. ಹೊರಗೋಡೆಯ ಗಡಿಯಾರಗಳಿಗೆ ಮತ್ತು ಚಾವಣಿಯ ಆಂಟೆನಾಗಳಿಗೆ ಆಘಾತ ನಿರೋಧಕ ಅಳವಡಿಸಿ, ಅದನ್ನು ಕಟ್ಟಡದ ಮುಖ್ಯ ಭೂಸಂಪರ್ಕಕ್ಕೆ ಜೋಡಿಸಲಾಗುತ್ತದೆ.

ನದಿ ದಡದ ಕಟ್ಟಡಗಳಲ್ಲಿ ಸ್ವಿಚ್ ಮತ್ತು ಬ್ಯಾಟರಿಗಳನ್ನು ನೆಲಮಹಡಿಯ ಬದಲು ಮೇಲಿನ ಮಹಡಿಯಲ್ಲಿ ಇಡುವುದು ಸೂಕ್ತ. ಹಿಂದಿನ ನೆರೆಯ ನೀರು ತಲುಪಿದ ಎತ್ತರವನ್ನು ಸ್ಥಳೀಯವಾಗಿ ತಿಳಿದು ಅದಕ್ಕಿಂತ ಮೇಲೆ ಸ್ಥಳ ನಿಗದಿಪಡಿಸಬಹುದು.

ಸಮಯ ಸರ್ವರ್

ಭಾರತದಲ್ಲಿ ಪ್ರಮಾಣ ಸಮಯವನ್ನು ಪಾಲಿಸುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಈ ಪ್ರಯೋಗಾಲಯ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಎನ್‌ಟಿಪಿ ಸರ್ವರ್‌ಗಳನ್ನು ನಡೆಸುತ್ತವೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ಸೇವಾದಾರರು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಸಮಯವನ್ನು ಈ ಸರ್ವರ್‌ಗಳಿಗೆ ಅಥವಾ ಇವುಗಳೊಂದಿಗೆ ತಾಳೆಯಾಗುವ ಸರ್ವರ್‌ಗಳಿಗೆ ಹೊಂದಿಸಬೇಕೆಂದು ಹೇಳುತ್ತದೆ.

ಪ್ರತಿ ಗಡಿಯಾರವೂ ನೇರವಾಗಿ ಅಂತರಜಾಲಕ್ಕೆ ಹೋಗುವ ಬದಲು ಆವರಣದೊಳಗೆ ಒಂದು ಸಮಯ ಸರ್ವರ್ ಇಡುವುದು ಉತ್ತಮ ಪದ್ಧತಿ. ಮಳೆಗಾಲದಲ್ಲಿ ಹೊರಗಿನ ಫೈಬರ್ ಕಡಿದುಹೋದರೂ ಎಲ್ಲ ಗಡಿಯಾರಗಳೂ ಪರಸ್ಪರ ಒಂದೇ ಸಮಯ ತೋರಿಸುತ್ತವೆ. ಸರಳ ಗಡಿಯಾರಗಳು ತಮಗೆ ಬಂದ ಉತ್ತರವನ್ನು ಹಾಗೆಯೇ ನಂಬುತ್ತವೆ. ತಪ್ಪು ಮೂಲವನ್ನು ಗುರುತಿಸುವ ಕೆಲಸವನ್ನು ಒಳಗಿನ ಸರ್ವರ್‌ಗೇ ವಹಿಸಿ, ಅದಕ್ಕೆ ಕನಿಷ್ಠ ನಾಲ್ಕು ಹೊರಗಿನ ಮೂಲಗಳನ್ನು ನೀಡುವುದು ವಾಡಿಕೆ. ಜಿಪಿಎಸ್ ಅಥವಾ ಭಾರತದ ನಾವಿಕ್ ಉಪಗ್ರಹಗಳಿಂದ ಸಮಯ ಪಡೆಯುವ ಸರ್ವರ್‌ಗೆ ಅಂತರಜಾಲವೇ ಬೇಕಿಲ್ಲ, ಆದರೆ ಆಂಟೆನಾಕ್ಕೆ ತೆರೆದ ಆಕಾಶ ಕಾಣಬೇಕು.

ಎನ್‌ಟಿಪಿ ಸಾಗಿಸುವುದು ಅಂತರರಾಷ್ಟ್ರೀಯ ಯುಟಿಸಿ ಸಮಯವನ್ನು. ಅದಕ್ಕೆ 5 ಗಂಟೆ 30 ನಿಮಿಷ ಸೇರಿಸುವ ಕೆಲಸ ಗಡಿಯಾರದ್ದೇ. ಆದ್ದರಿಂದ ಅರ್ಧ ಗಂಟೆಯ ಅಂತರವನ್ನು ಗಡಿಯಾರ ಒಪ್ಪುತ್ತದೆಯೇ, ಭಾರತದಲ್ಲಿ ಬಳಕೆಯಲ್ಲಿಲ್ಲದ ಬೇಸಿಗೆ ಸಮಯದ ಹೊಂದಾಣಿಕೆ ನಿಂತಿದೆಯೇ ಎಂದು ಪರಿಶೀಲಿಸಬೇಕು.

ಜಾಲದ ಹೊಂದಾಣಿಕೆ ಮತ್ತು ಭದ್ರತೆ

ಗಡಿಯಾರಗಳನ್ನು ಪ್ರತ್ಯೇಕ ವಿಎಲ್ಎಎನ್‌ನಲ್ಲಿ, ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಉಪಜಾಲದಲ್ಲಿ ಇಡಲಾಗುತ್ತದೆ. ಡಿಎಚ್‌ಸಿಪಿ ವ್ಯವಸ್ಥೆಯು ಪ್ರತಿ ಗಡಿಯಾರಕ್ಕೂ ಜಾಲ ವಿಳಾಸ ನೀಡುತ್ತದೆ. ಅದರ 42ನೆಯ ಆಯ್ಕೆಯ ಮೂಲಕ ಸಮಯ ಸರ್ವರ್‌ನ ವಿಳಾಸವನ್ನೂ ತಿಳಿಸಬಹುದು. ಗಡಿಯಾರಕ್ಕೆ ಸಮಯ ಕೇಳಲು ಯುಡಿಪಿ 123ನೆಯ ಪೋರ್ಟ್‌ನ ದಾರಿ ತೆರೆದಿದ್ದರೆ ಸಾಕು, ಉಳಿದ ಸಂಪರ್ಕಗಳನ್ನು ತಡೆಯಬಹುದು. ತಯಾರಕರು ನೀಡಿದ ಮೂಲ ಗುಪ್ತಪದವನ್ನು ಬದಲಿಸದೆ ಬಿಟ್ಟ ಗಡಿಯಾರವು ಇಡೀ ಜಾಲಕ್ಕೆ ಪ್ರವೇಶದ್ವಾರವಾಗಬಲ್ಲದು.

ಪರೀಕ್ಷೆ ಮತ್ತು ನಿರ್ವಹಣೆ

ಕೆಲಸ ಒಪ್ಪಿಕೊಳ್ಳುವ ಮೊದಲು ಸಾಮಾನ್ಯವಾಗಿ ಈ ಪರೀಕ್ಷೆಗಳನ್ನು ನಡೆಸಲಾಗುತ್ತದೆ:

1. ಪ್ರತಿ ಕೇಬಲ್‌ನ ಉದ್ದ ಮತ್ತು ಎಂಟೂ ತಂತಿಗಳ ಜೋಡಣೆಯ ಪರಿಶೀಲನೆ.
2. ಎಲ್ಲ ಗಡಿಯಾರಗಳು ನಡೆಯುತ್ತಿರುವಾಗ ಸ್ವಿಚ್ ಮೀಸಲಿಟ್ಟ ಒಟ್ಟು ವಿದ್ಯುತ್ತಿನ ದಾಖಲೆ.
3. ಮುಖ್ಯ ವಿದ್ಯುತ್ ನಿಲ್ಲಿಸಿ, ಬ್ಯಾಟರಿಯ ಮೇಲೆ ಗಡಿಯಾರಗಳು ಎಷ್ಟು ಹೊತ್ತು ನಡೆಯುತ್ತವೆ ಎಂಬುದರ ಅಳತೆ.
4. ಬ್ಯಾಟರಿಯೂ ಮುಗಿದು ವಿದ್ಯುತ್ ಮರಳಿದಾಗ ಎಲ್ಲ ಗಡಿಯಾರಗಳು ತಾವಾಗಿಯೇ ಸರಿಯಾದ ಸಮಯಕ್ಕೆ ಬರುತ್ತವೆಯೇ ಎಂಬ ಪರಿಶೀಲನೆ.
5. ಅಂತರಜಾಲ ಸಂಪರ್ಕ ಕಡಿದಾಗ ಒಳಗಿನ ಸರ್ವರ್ ಸಮಯ ನೀಡುತ್ತಿದೆಯೇ ಎಂಬ ಪರಿಶೀಲನೆ.

ನಾಲ್ಕನೆಯ ಪರೀಕ್ಷೆ ವಿಶೇಷವಾಗಿ ಮುಖ್ಯ. ಗಡಿಯಾರಗಳು ಕ್ಷಣದಲ್ಲಿ ಎಚ್ಚರಗೊಂಡರೂ ಸ್ವಿಚ್ ಮತ್ತು ಸರ್ವರ್ ಸಿದ್ಧವಾಗಲು ಕೆಲವು ನಿಮಿಷ ಬೇಕಾಗಬಹುದು. ಆ ನಡುವೆ ವಿಳಾಸ ಸಿಗದ ಗಡಿಯಾರ ಮತ್ತೆ ಪ್ರಯತ್ನಿಸದೆ ನಿಂತುಬಿಟ್ಟರೆ ಯಾರಾದರೂ ಹೋಗಿ ಕೇಬಲ್ ಕಳಚಿ ಜೋಡಿಸಬೇಕಾಗುತ್ತದೆ. ನಿರ್ವಹಣೆಯಲ್ಲಿ ಬ್ಯಾಟರಿಗಳ ಸಾಮರ್ಥ್ಯವನ್ನು ಮಳೆಗಾಲಕ್ಕೆ ಮುನ್ನ ಪರೀಕ್ಷಿಸುವುದು, ಪೋರ್ಟ್ ಮತ್ತು ಗಡಿಯಾರ ಸಂಖ್ಯೆಗಳ ಪಟ್ಟಿಯನ್ನು ಸ್ವಿಚ್ ಪೆಟ್ಟಿಗೆಯಲ್ಲೇ ಇಡುವುದು ಉಪಯುಕ್ತ.

ಮಿತಿಗಳು ಮತ್ತು ಪರ್ಯಾಯಗಳು

ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳನ್ನು ಆಧರಿಸಿದ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದಲ್ಲಿ ತಿಂಗಳಿಗೆ ಸುಮಾರು 15ರಿಂದ 30 ಸೆಕೆಂಡುಗಳ ವ್ಯತ್ಯಾಸ ಬರುತ್ತದೆ. ಐದಾರು ಕೊಠಡಿಗಳ ಶಾಲೆಗೆ ಇದು ತೊಂದರೆಯಲ್ಲ. ತಿಂಗಳಿಗೊಮ್ಮೆ ಕೈಯಿಂದ ಸರಿಪಡಿಸಿದರೆ ಸಾಕು. ಗಡಿಯಾರಕ್ಕಾಗಿಯೇ ಸ್ವಿಚ್, ಕೇಬಲ್ ಮತ್ತು ಬ್ಯಾಟರಿ ಹೂಡುವುದು ಅಂತಹ ಕಡೆ ದುಬಾರಿ. ಕೇಬಲ್ ಎಳೆಯಲಾಗದ ಪಾರಂಪರಿಕ ಕಟ್ಟಡಗಳಲ್ಲಿ ವೈಫೈ ಗಡಿಯಾರಗಳನ್ನು ಬಳಸಬಹುದಾದರೂ ಅವುಗಳಿಗೆ ಸೆಲ್ ಅಥವಾ ಪ್ಲಗ್ ಬೇಕು ಮತ್ತು ದಪ್ಪ ಗೋಡೆಗಳು ಸಂಕೇತವನ್ನು ಕುಗ್ಗಿಸುತ್ತವೆ.

ಹೊಸ ಕಟ್ಟಡದಲ್ಲಿ ದೂರವಾಣಿ, ಕ್ಯಾಮೆರಾ ಮತ್ತು ವೈಫೈಗಾಗಿ ಪಿಒಇ ಜಾಲ ಹೇಗೂ ಬರುವುದಾದರೆ ಗಡಿಯಾರಗಳಿಗೆ ತಗಲುವ ಹೆಚ್ಚುವರಿ ವೆಚ್ಚ ಕಡಿಮೆ. ಹತ್ತಾರು ಗಡಿಯಾರಗಳು, ಒಂದೇ ಸಮಯದ ಅವಶ್ಯಕತೆ ಮತ್ತು ಬ್ಯಾಟರಿಗಳನ್ನು ನೋಡಿಕೊಳ್ಳುವ ಸಿಬ್ಬಂದಿ, ಈ ಮೂರೂ ಇರುವಲ್ಲಿ ಪಿಒಇ ಗಡಿಯಾರಗಳು ಹೆಚ್ಚು ಪ್ರಯೋಜನಕಾರಿಯಾಗಿವೆ.